ಜನರೇಟರ್ ಎಂಬ ಒಂದು ಸಾಲು

ಮೇಡಂ ಬಲಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಹಿಟ್ಟಿನ ಗಿರಣಿಯ ಬೆಲ್ಟಿಗೆ ಸಿಕ್ಕಿ ನೆಟ್ಟಗೆ ನಿಂತುಬಿಟ್ಟಿತ್ತಂತೆ. ಉಳಿದ ಒಂಬತ್ತು ಬೆರಳು ಕೀಬೋರ್ಡಿನ ಮೇಲೆ ಓಡುತ್ತಿದ್ದರೆ ಅದೊಂದು ಮಾತ್ರ ಪಕ್ಕಕ್ಕೆ ಸೆಟೆದು ನಿಂತು ಮಿಕ್ಕವುಗಳ ತಪ್ಪು ಹಿಡಿಯಲು ಬಂದ ಮೇಲ್ವಿಚಾರಕನಂತೆ ಕಾಣುತ್ತಿತ್ತು. ಎಂಟರ್ ಕೀಲಿಯನ್ನು ಅವರು ಉಂಗುರದ ಬೆರಳಲ್ಲಿ ಕುಟ್ಟುತ್ತಿದ್ದರು. ಆ ಪೆಟ್ಟು ಕೆಳಗಿನ ಪಾತ್ರೆ ಅಂಗಡಿಯವರೆಗೂ ಕೇಳುತ್ತಿತ್ತು.

ನಂಜನಗೂಡಿನ ಆ ಮಹಡಿ ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟ್ ಆಗಿತ್ತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಾಲೀಕರು ಟೈಪ್‌ರೈಟರುಗಳನ್ನು ಮಾರಿ ಎರಡು ಕಂಪ್ಯೂಟರ್ ತಂದಿಟ್ಟರು. ಟೈಪ್ ಹೇಳಿಕೊಡುತ್ತಿದ್ದ ಮೇಡಂ ಒಂದೇ ವಾರದಲ್ಲಿ ಕಂಪ್ಯೂಟರ್ ಮೇಡಂ ಆದರು. ಅವರಿಗೆ ಅದನ್ನು ಯಾರೂ ಕಲಿಸಲಿಲ್ಲ. ಮೈಸೂರಿನಿಂದ ಹಳೆಯ ಪುಸ್ತಕ ತಂದು ಇವತ್ತು ತಾವು ಕಲಿತದ್ದನ್ನು ನಾಳೆ ನಮಗೆ ಕಲಿಸುತ್ತಿದ್ದರು. ಬರದಿದ್ದರೆ ಬರುವುದಿಲ್ಲ ಎಂದು ಒಪ್ಪಿಕೊಳ್ಳುತ್ತಿದ್ದರು. ಹಾಗೆ ಒಪ್ಪಿಕೊಳ್ಳುವ ಮೇಷ್ಟ್ರನ್ನು ನಾನು ಅದುವರೆಗೆ ಕಂಡಿರಲಿಲ್ಲ, ಆಮೇಲೂ ಅಷ್ಟಾಗಿ ಕಾಣಲಿಲ್ಲ. ನಾನೂ ಹಾಗೆ ಆಗಲಿಲ್ಲ.

ನಾನು ಮೂಗೂರಿನವಳು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ನಂಜನಗೂಡಿಗೆ ಇನ್ನೊಂದು ಬಸ್ಸು ಹಿಡಿದು ಕಲಿಯಲು ಹೋಗುತ್ತಿದ್ದೆ. ಇಂಟರ್‌ನೆಟ್ ಬಂದ ಹೊಸತು. ನಾವೆಲ್ಲ ಪರದೆಯ ಮೇಲೆ ಬಣ್ಣ, ಓಡುವ ಅಕ್ಷರ, ಮಿಣಮಿಣ ಚಿತ್ರ ನೋಡಿ ಬಾಯಿ ಬಿಟ್ಟುಕೊಂಡು ಕೂತರೆ ಮೇಡಂ ಮೌಸಿನ ಬಲಗುಂಡಿ ಒತ್ತಿ ಆ ಪುಟದ ಒಳಗಿನ ಬರಹವನ್ನು ತೆಗೆಯುತ್ತಿದ್ದರು. ಯಾವ ವೆಬ್‌ಸೈಟಾದರೂ ಸರಿ, ಅದನ್ನು ಹೇಗೆ ಬರೆದು ಕಟ್ಟಿದ್ದಾರೆ ಎಂಬುದು ಸಾಲುಸಾಲಾಗಿ ಅಲ್ಲಿ ಕಾಣಿಸುತ್ತದೆ. ಮೇಡಂ ಅದಕ್ಕೆ ಇಟ್ಟ ಹೆಸರು ‘ಹಿತ್ತಲು ನೋಡೋದು’. ಹೆಣ್ಣು ಕೊಡುವವರು ಪಡಸಾಲೆಯಲ್ಲಿ ಕಾಫಿ ಕುಡಿದು ಎದ್ದು ಬರಬಾರದು, ಏನಾದರೂ ನೆಪ ಹೇಳಿ ಹಿತ್ತಲಿಗೂ ಹೋಗಿ ಬರಬೇಕು, ಆ ಮನೆಯವರು ಎಂಥವರು ಎಂದು ಅಲ್ಲಿ ತಿಳಿಯುತ್ತದೆ ಎನ್ನುತ್ತಿದ್ದರು. ಅವರಿಗೆ ಮದುವೆಯಾಗಿರಲಿಲ್ಲ. ತಾಂಡವಪುರದಲ್ಲಿ ಲಕ್ವ ಹೊಡೆದು ಮಲಗಿದ್ದ ತಾಯಿ ಇದ್ದರು. ಅವರನ್ನು ನೋಡಿಕೊಳ್ಳುವುದರಲ್ಲೇ ವಯಸ್ಸು ಕಳೆದಿತ್ತು.

ಹಿತ್ತಲು ನೋಡಿ ಅವರು ಹೇಳುತ್ತಿದ್ದುದು ನಮಗೆ ಜ್ಯೋತಿಷ್ಯದಂತೆ ಕೇಳುತ್ತಿತ್ತು. ಇದನ್ನು ಕೈಯಲ್ಲಿ ಬರೆದಿದ್ದಾರೆ, ಇದನ್ನು ರೆಡಿಮೇಡ್ ಸಾಫ್ಟ್‌ವೇರಿನಲ್ಲಿ ಎಳೆದು ಕೂರಿಸಿದ್ದಾರೆ, ಇದನ್ನು ಬರೆದವನಿಗೆ ಅವಸರ, ಇದನ್ನು ಇಬ್ಬರು ಬರೆದಿದ್ದಾರೆ ಮತ್ತು ಇಬ್ಬರಿಗೂ ಮಾತುಕತೆ ಇಲ್ಲ. ತಾವು ಬರೆಯುವಾಗ ಮಾತ್ರ ಪ್ರತಿ ಭಾಗದ ತಲೆಯ ಮೇಲೆ ಒಂದು ಟಿಪ್ಪಣಿ ಹಾಕುತ್ತಿದ್ದರು. ಕನ್ನಡದ ಮಾತು, ಇಂಗ್ಲಿಷ್ ಅಕ್ಷರ: ‘ಇಲ್ಲಿಂದ ಮೆನು ಶುರು’, ‘ಇಲ್ಲಿಗೆ ಮೆನು ಮುಗೀತು’, ‘ಇದನ್ನ ಮುಟ್ಟಬೇಡಿ, ಮುಟ್ಟಿದರೆ ಎಲ್ಲಾ ಬೀಳುತ್ತೆ’. ಹೊರಗೆ ನೋಡುವವರಿಗೆ ಇವು ಕಾಣುವುದಿಲ್ಲ. ಯಾರೂ ನೋಡದ ಕಡೆ ಯಾಕೆ ಬರೆಯುತ್ತೀರಿ ಎಂದು ಒಮ್ಮೆ ಕೇಳಿದ್ದಕ್ಕೆ, “ನಾಳೆ ನಾನಿಲ್ದಾಗ ತಿದ್ದೋಳು ಪರದಾಡ್ಬಾರ್ದು ಕಣೇ” ಅಂದಿದ್ದರು.

ನರಸೀಪುರದ ಒಂದು ಖಾಸಗಿ ಕಾಲೇಜಿನಲ್ಲಿ (ಹೆಸರು ಬೇಡ) ಮೇಡಂ ಅರೆಕಾಲಿಕ ಪಾಠಕ್ಕೂ ಹೋಗುತ್ತಿದ್ದರು. ನನ್ನನ್ನು ಅಲ್ಲಿಗೆ ಸೇರಿಸಿದ್ದೂ ಅವರೇ. ಪ್ರಿನ್ಸಿಪಾಲರ ಮುಂದೆ ನಿಂತು, ಇವಳು ನನಗಿಂತ ಚೆನ್ನಾಗಿ ಓದಿದ್ದಾಳೆ ಎಂದು ಹೇಳಿ ಪ್ರಯೋಗಾಲಯದ ಕೆಲಸ ಕೊಡಿಸಿದರು. ಹೀಗೆ ಆರೇಳು ವರ್ಷ ಇಬ್ಬರೂ ಅರೆಕಾಲಿಕದವರಾಗಿಯೇ ಉಳಿದೆವು.

ಎರಡು ಸಾವಿರದ ಎಂಟರ ಸುಮಾರಿಗೆ ಆಡಳಿತ ಮಂಡಳಿ ಕಂಪ್ಯೂಟರ್ ವಿಭಾಗಕ್ಕೆ ಒಂದು ಕಾಯಂ ಹುದ್ದೆ ಮಾಡಿತು. ಮೇಡಂಗೆ ಆಗ ನಲವತ್ತಮೂರು. ಆ ವಯಸ್ಸಿನಲ್ಲಿ ತಪ್ಪಿದರೆ ಇನ್ನು ಜನ್ಮದಲ್ಲಿ ಕಾಯಂ ಇಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕಾಲೇಜಿಗೊಂದು ವೆಬ್‌ಸೈಟ್ ಮಾಡಿಕೊಡಿ, ಅದನ್ನು ನೋಡಿ ತೀರ್ಮಾನ ಮಾಡೋಣ ಎಂದು ಅಧ್ಯಕ್ಷರು ಹೇಳಿದರು. ಮೇಡಂ ಮೂರು ತಿಂಗಳು ಬರೆದರು. ರೆಡಿಮೇಡ್ ಏನನ್ನೂ ಮುಟ್ಟದೆ, ಬರಿಯ ನೋಟ್‌ಪ್ಯಾಡಿನಲ್ಲಿ, ಒಂದೊಂದು ಸಾಲನ್ನೂ ಕೈಯಿಂದ. ಕನ್ನಡದ ಒತ್ತಕ್ಷರ ಒಡೆದು ಬೀಳುತ್ತಿದ್ದ ಕಾಲ ಅದು. ತಲಕಾಡಿನ ಕಡೆಯ ಹುಡುಗರ ಅಪ್ಪ ಅಮ್ಮಂದಿರೂ ಓದಬೇಕೆಂದು ಪ್ರತಿ ಪುಟವನ್ನೂ ಕನ್ನಡದಲ್ಲೂ ಮಾಡಿದರು. ನಾನು ಪಕ್ಕದ ಕುರ್ಚಿಯಲ್ಲಿ ಕೂತು ಅದೆಲ್ಲವನ್ನೂ ನೋಡಿದ್ದೇನೆ.

ಸಭೆಯ ದಿನ ಪರದೆಯ ಮೇಲೆ ಸೈಟು ತೋರಿಸುವ ಕೆಲಸವನ್ನು ಪ್ರಿನ್ಸಿಪಾಲರು ನನಗೆ ಹೇಳಿದ್ದರು. ನಾನು ಸುಮ್ಮನೆ ತೋರಿಸಿ ಕೂತಿದ್ದರೆ ಆಗುತ್ತಿತ್ತು. ಆದರೆ ವಾರದ ಹಿಂದಷ್ಟೇ ನಾನೊಂದು ಹೊಸ ಆಟಿಕೆ ಕಂಡುಕೊಂಡಿದ್ದೆ. ಯಾವುದಾದರೂ ವೆಬ್‌ಸೈಟಿನ ವಿಳಾಸ ಕೊಟ್ಟರೆ, ಅದನ್ನು ಯಾವ ಯಾವ ಸಾಫ್ಟ್‌ವೇರಿನಿಂದ ಕಟ್ಟಿದ್ದಾರೆ ಎಂದು ಪಟ್ಟಿ ಮಾಡಿ ಕೊಡುವ ಸೈಟು ಅದು. ಮೇಡಂ ಇಷ್ಟು ವರ್ಷ ಕಣ್ಣಲ್ಲಿ ಮಾಡುತ್ತಿದ್ದುದನ್ನು ಅದು ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡುತ್ತಿತ್ತು. ಮಂಡಳಿಯ ಎದುರು ನನ್ನ ಜಾಣತನವೂ ಕಾಣಲಿ ಎಂದು ಕಾಲೇಜಿನ ವಿಳಾಸವನ್ನು ಅದಕ್ಕೆ ಕೊಟ್ಟೆ. ಬರೀ ಜಂಭ, ಇನ್ನೇನೂ ಅಲ್ಲ. ಪಟ್ಟಿ ಬಂತು. ‘ಜನರೇಟರ್’ ಎಂದು ಬರೆದು, ಅದರ ಮುಂದೆ ಒಂದು ರೆಡಿಮೇಡ್ ಸಾಫ್ಟ್‌ವೇರಿನ ಹೆಸರಿತ್ತು.

ಅಧ್ಯಕ್ಷರು ಹೊಲ ಮನೆ ಇದ್ದ ದೊಡ್ಡ ಕುಳ, ಮಾತಿನಲ್ಲಿ ತಮಾಷೆ. “ಇದೇನಮ್ಮ, ಜನ್ರೇಟ್ರು ಅಂತ ಬರ್ದದೆ? ಕರೆಂಟ್ ಓದ್ರೂ ಓಡ್ತದಾ ಇದು?” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕು, ಈ ಪುಟಗಳನ್ನು ಯಾವ ಸಾಫ್ಟ್‌ವೇರು ಹುಟ್ಟಿಸಿತೋ ಅದರ ಹೆಸರು ಸಾರ್ ಎಂದು ವಿವರಿಸಿದೆ. ಅಧ್ಯಕ್ಷರ ನಗು ಅಲ್ಲಿಗೆ ನಿಂತಿತು. ಹಾಗಾದರೆ ಇದನ್ನು ಮಾಡಿದ್ದು ಮಿಷನ್ನು, ಮೇಡಂ ಅಲ್ಲ ಎಂದು ಅವರು ಅರ್ಥ ಮಾಡಿಕೊಂಡರು.

ನನಗೆ ಆಗ ಹೊಳೆಯಿತು. ಆ ಸಾಲನ್ನು ಅಲ್ಲಿ ಹಾಕಿದ್ದು ನಾನು. ತಿಂಗಳ ಹಿಂದೆ ಮೇಡಂ ತಾಯಿಯನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದಾಗ ಕಾಲೇಜಿನ ಫೋನ್ ನಂಬರು ಬದಲಾಗಿತ್ತು. ನೋಟ್‌ಪ್ಯಾಡಿನಲ್ಲಿ ತೆಗೆದು ಒಂದೇ ಒಂದು ಸಾಲು ತಿದ್ದು, ಬೇರೇನೂ ಮುಟ್ಟಬೇಡ ಎಂದು ಮೇಡಂ ಫೋನ್ ಮಾಡಿ ಹೇಳಿದ್ದರು. ಅಷ್ಟು ಸಾಲಿನಲ್ಲಿ ಹುಡುಕಲು ಸೋಮಾರಿತನವಾಗಿ ನಾನು ಸೈಬರ್ ಸೆಂಟರಿನ ರೆಡಿಮೇಡ್ ಸಾಫ್ಟ್‌ವೇರಿನಲ್ಲಿ ಪುಟ ತೆರೆದು, ನಂಬರು ತಿದ್ದಿ, ಸೇವ್ ಮಾಡಿದ್ದೆ. ಅಂಥ ಸಾಫ್ಟ್‌ವೇರು ತಾನು ಮುಟ್ಟಿದ ಪುಟಕ್ಕೆಲ್ಲ, ಕಟ್ಟಿದವನು ನಾನೇ ಎಂದು ತನ್ನ ಹೆಸರು ಬರೆದುಕೊಳ್ಳುತ್ತದೆ. ಪಟ್ಟಿ ಕೊಡುವ ಸೈಟು ಆ ಹೆಸರನ್ನು ಓದುತ್ತದೆ, ಟಿಪ್ಪಣಿಗಳನ್ನು ಓದುವುದಿಲ್ಲ. ನಾನು ಪುಟದ ಒಳಗನ್ನು ತೆರೆದು ಸ್ವಲ್ಪ ಕೆಳಗೆ ಸರಿಸಿದ್ದರೆ ‘ಇಲ್ಲಿಂದ ಮೆನು ಶುರು’ ಎಂಬುದು ಅಧ್ಯಕ್ಷರ ಕಣ್ಣೆದುರಿಗೇ ಬರುತ್ತಿತ್ತು. ಯಾವ ಮಿಷನ್ನೂ ನಮ್ಮ ಕಡೆಯ ಕನ್ನಡದಲ್ಲಿ ಹಾಗೆ ಬರೆಯುವುದಿಲ್ಲ.

“ಏನಮ್ಮ, ಕೈಯಲ್ಲೇ ಬರ್ದೆ ಅಂದ್ರಲ್ಲ?” ಎಂದು ಅಧ್ಯಕ್ಷರು ಮೇಡಂ ಕಡೆ ತಿರುಗಿದರು.

ಮೇಡಂ ಪರದೆ ನೋಡಿದರು, ನನ್ನನ್ನು ನೋಡಿದರು. “ಬರೀವಾಗ ಅವಳು ಪಕ್ಕದಲ್ಲೇ ಕೂತಿದ್ಲು ಸಾ. ಅವಳನ್ನೇ ಕೇಳಿ” ಅಂದರು.

ಅಧ್ಯಕ್ಷರು ನನ್ನನ್ನು ಕೇಳಿದರು. “ನಾನು ಪೂರ್ತಿ ನೋಡಿಲ್ಲ ಸಾರ್” ಎಂದೆ.

ಗಾಬರಿಯಲ್ಲಿ ಬಾಯಿಂದ ಬಂತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಗಾಬರಿ ಇದ್ದದ್ದು ನಿಜ. ಇದ್ದದ್ದು ಒಂದೇ ಹುದ್ದೆ ಎಂಬುದೂ ಆ ಕ್ಷಣ ತಲೆಯಲ್ಲಿತ್ತು. ಅದು ಇರಲಿಲ್ಲ ಎಂದರೆ ನನ್ನ ನಾಲಗೆ ಬಿದ್ದುಹೋಗಬೇಕು. ಮೇಡಂ ವಾದ ಮಾಡಲಿಲ್ಲ. “ಅಲ್ಲಿರೋದನ್ನ ಅವಳು ಸರಿಯಾಗೇ ಓದವ್ಳೆ ಸಾ” ಅಂದು ಬ್ಯಾಗು ಎತ್ತಿಕೊಂಡು, ಬಸ್ಸಿದೆ ಎಂದು ಹೇಳಿ ಹೊರಟರು. ಮರುತಿಂಗಳು ಕಾಯಂ ಆದೇಶ ಬಂದದ್ದು ನನ್ನ ಹೆಸರಿಗೆ. ಮನೆಯಲ್ಲಿ ಅಪ್ಪ ಊರಿಗೆಲ್ಲ ಸಿಹಿ ಹಂಚಿದರು. ನಾನೂ ತಿಂದೆ.

ಸೈಟನ್ನು ಹೊಸದಾಗಿ ಮಾಡಲು ಹೊರಗಿನವರಿಗೆ ವಹಿಸಿದರು. ಅವರು ಬಣ್ಣ ಬದಲಾಯಿಸಿ, ಮೇಲೆ ಒಂದು ದೊಡ್ಡ ಚಿತ್ರ ಕೂರಿಸಿ, ತಮ್ಮ ಹೆಸರು ಹಾಕಿ ಒಪ್ಪಿಸಿದರು. ನಾನು ಒಳಗೆ ತೆರೆದು ನೋಡಿದೆ. ಸಾಲಿಗೆ ಸಾಲು ಮೇಡಂ ಬರೆದದ್ದೇ. ಟಿಪ್ಪಣಿಗಳನ್ನು ಅಳಿಸುವ ಕಷ್ಟವನ್ನೂ ಅವರು ತೆಗೆದುಕೊಂಡಿರಲಿಲ್ಲ. ಆಗಲಾದರೂ ಹೋಗಿ ಹೇಳಬಹುದಿತ್ತು, ಹೇಳಲಿಲ್ಲ. ಒಂದು ಸುಳ್ಳಿನ ಮೇಲೆ ಕೂತವಳಿಗೆ ಎದ್ದು ನಿಲ್ಲುವುದು ಕಷ್ಟ.

ಎರಡು ವರ್ಷ ನಾನು ನಂಜನಗೂಡಿನ ಕಡೆ ತಲೆ ಹಾಕಲಿಲ್ಲ. ಅಷ್ಟರಲ್ಲಿ ಇನ್‌ಸ್ಟಿಟ್ಯೂಟ್ ಮುಚ್ಚಿತ್ತು, ಮೇಡಂ ತಾಯಿ ತೀರಿಕೊಂಡಿದ್ದರು. ಮೇಡಂ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂತು ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದಾರೆ ಎಂದು ತಿಳಿದು ಒಂದು ಮಧ್ಯಾಹ್ನ ಹೋದೆ. ಮೈ ಇಳಿದಿತ್ತು, ಮುಖ ಊದಿತ್ತು. ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಹತ್ತಿದೆ ಎಂದು ಬೇರೆಯವರ ವಿಷಯ ಹೇಳುವಂತೆ ಹೇಳಿದರು. ನನಗೆ ಕುರ್ಚಿ ಹಾಕಿಸಿದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಶುರು ಮಾಡಿದೆ: ಮೇಡಂ, ಆ ಸಾಲು, ಫೋನ್ ನಂಬರು ತಿದ್ದುವಾಗ ನನ್ನಿಂದ...

“ಗೊತ್ತು ಕಣೇ” ಅಂದರು. “ಅವತ್ತು ಪರದೆ ಮೇಲೆ ನೋಡ್ದಾಗ್ಲೇ ಗೊತ್ತಾಯ್ತು. ಆ ಫೈಲನ್ನ ನಾನು ನೀನು ಬಿಟ್ರೆ ಯಾರು ಮುಟ್ಟಿದ್ರು?”

ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಎಂಥ ನಾಚಿಕೆಗೆಟ್ಟ ಪ್ರಶ್ನೆ ಅದು.

“ಸುಮ್ನೆ ಎಲ್ಲಿದ್ದೆ? ಅವಳನ್ನೇ ಕೇಳಿ ಅಂದ್ನಲ್ಲ. ನೀನು ಹೇಳ್ತೀಯ ಅಂತಿದ್ದೆ.”

ಯಾರೋ ಪತ್ರಿಕೆಯ ಕರಡು ತಿದ್ದಿಸಲು ಬಂದರು. ವರನ ತಂದೆಯ ಹೆಸರಿನಲ್ಲಿ ಒತ್ತು ಬಿಟ್ಟುಹೋಗಿತ್ತು. ಮೇಡಂ ಅದನ್ನು ಸರಿ ಮಾಡಲು ಪರದೆಯ ಕಡೆ ತಿರುಗಿದರು. ನಾನು ಎದ್ದು ಬಂದೆ.

ಅದೇ ವರ್ಷ ಅವರು ಹೋದರು. ನನಗೆ ಸುದ್ದಿ ತಿಳಿದದ್ದು ತಿಥಿ ಕಳೆದ ಮೇಲೆ. ನನಗೆ ಹೇಳಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ, ಅದರಲ್ಲಿ ಯಾರ ತಪ್ಪೂ ಇಲ್ಲ. ನಾನು ಇಂದಿಗೂ ಅದೇ ಕಾಲೇಜಿನಲ್ಲಿ, ಅದೇ ಹುದ್ದೆಯಲ್ಲಿ ಇದ್ದೇನೆ. ನನಗೆ ಬರುವ ವಿದ್ಯೆ ಅವರದು, ಕೂತಿರುವ ಜಾಗವೂ ಅವರದು. ಅವತ್ತು ಜೆರಾಕ್ಸ್ ಅಂಗಡಿಯಲ್ಲಿ ‘ತಪ್ಪಾಯ್ತು ಮೇಡಂ’ ಎಂಬ ಎರಡು ಮಾತನ್ನೂ ನಾನು ಆಡಲಿಲ್ಲ. ಆಡಿದ್ದರೆ ಅವರು ಹೋಗಲಿ ಬಿಡು ಎಂದುಬಿಡುತ್ತಿದ್ದರು, ಅಂಥ ಹೆಂಗಸು. ಹಾಗೆ ಅನ್ನಿಸಿಕೊಂಡು ಹಗುರಾಗುವ ಯೋಗ್ಯತೆ ನನಗಿರಲಿಲ್ಲ.