ಪುಟ್ಟಮಲ್ಲಮ್ಮ ನೀರಿಗಿಳಿದದ್ದು

ಬೀಚನಹಳ್ಳಿ ಅಣೆಕಟ್ಟಿನಲ್ಲಿ ಇಪ್ಪತ್ತು ವರ್ಷ ನೀರಿನ ಮಟ್ಟ ನೋಡಿ ಬರೆದಿಟ್ಟ ಪುಟ್ಟಮಲ್ಲಮ್ಮ ಒಂದು ದಿನವೂ ನೀರಿಗಿಳಿದವಳಲ್ಲ. ಸಿಬ್ಬಂದಿ ಇಳಿಯಕೂಡದೆಂಬ ನಿಯಮವಿತ್ತು. ನಿವೃತ್ತಿಯಾದ ವರ್ಷ, ೧೯೯೯ರಲ್ಲಿ, ಮಗ-ಸೊಸೆಯೊಡನೆ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಬಂದವಳು ಕೊಲ್ಲಿಯ ದಡದಲ್ಲಿ ಸೆರಗು ಬಿಗಿದಳು.

"ಬೇಡ ಅತ್ತೆ, ಅಲೆ ಎಳ್ಕೊಂಡು ಹೋಗತ್ತೆ," ಎಂದು ಸೊಸೆ ಪುಷ್ಪಾ ಕಂಕುಳ ಮಗುವನ್ನು ಅವುಚಿಕೊಂಡಳು. ಬೆಳಿಗ್ಗೆಯಿಂದ ಅವಳಿಗೆ ಎಲ್ಲದಕ್ಕೂ ಭಯ: ಬಿಸಿಲು, ನೀರು, ಮಗುವಿನ ಕೆಮ್ಮು.

ಅತ್ತೆ ಅಭ್ಯಾಸಬಲದಿಂದ ನೀರಿನಂಚಿಗೆ ಕಡ್ಡಿಯೊಂದನ್ನು ನೆಟ್ಟಳು. ಎಳನೀರು ಕುಡಿದು ಬರುವಷ್ಟರಲ್ಲಿ ನೀರು ಎರಡು ಮಾರು ಹಿಂದೆ ಸರಿದಿತ್ತು.

"ಯಾರ್ಲಾ ಅದು, ಯೋಳ್ದೆ ಕೇಳ್ದೆ ಗೇಟ್ ಎತ್ತಿದ್ದು?"

ಪುಷ್ಪಾ ನಕ್ಕುಬಿಟ್ಟಳು. "ಸಮುದ್ರಕ್ಕೆ ಗೇಟಿಲ್ಲ ಅತ್ತೆ. ನೀರು ತಾನಾಗೇ ಏರತ್ತೆ, ತಾನಾಗೇ ಇಳಿಯತ್ತೆ."

"ಯಾವ ಇಂಜಿನಿಯರ್ನೂ ಕೇಳ್ದೆ? ಅಂಗಾರೆ ನಾನೂ ಯಾರನ್ನೂ ಕೇಳಾಕಿಲ್ಲ. ಇಷ್ಟು ವರ್ಸ ನೀರು ಇಳೀತು, ನಾನು ಬರ್ಕಂಡೆ. ಇವತ್ತು ನಾನಿಳೀತೀನಿ, ನೀ ಬರ್ಕೊಳವ್ವ."

ಸೀರೆ ಎತ್ತಿಕಟ್ಟಿ ನಡೆದೇಬಿಟ್ಟಳು. "ಎಲ್ಲಿಗಂಟ ಬಂತು ನೀರು?"

"ಮಂಡಿಗೆ, ಅತ್ತೆ! ಸಾಕು!"

"ಸಾಕು ಅಂತ ಬರೆಯೋಕೆ ರಿಜಿಸ್ಟ್ರಲ್ಲಿ ಜಾಗ ಇಲ್ಲ ಕಣವ್ವ. ಮಟ್ಟ ಯೋಳು!"

ಪುಷ್ಪಾ ಮಗುವನ್ನು ಅವುಚಿಕೊಂಡೇ ನೀರಿನಂಚಿಗೆ ಬಂದಳು. ಕೂಗಿದಳು: "ಸೊಂಟಕ್ಕೆ!"