ಒಂದು ಹನಿಯೂ ಇಲ್ಲದವಳು

ಅತ್ತೆಯ ಹೆಣದ ಮುಂದೆ ಅವಳು ಕಣ್ಣೀರು ಹಾಕಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಅವಳ ಹೆಸರು ‘ಕಲ್ಲು’. ಹೊಲಿಗೆ ಕಲಿಸಿ, ತನ್ನ ಯಂತ್ರವನ್ನೇ ಬಿಟ್ಟುಕೊಟ್ಟ ಅತ್ತೆಗೆ ಒಂದು ಹನಿಯೂ ಇಲ್ಲ ಅಂದರೆ! ನಾದಿನಿ ಸಿಕ್ಕಸಿಕ್ಕವರ ಮುಂದೆ ಇದನ್ನೇ ಡಂಗುರ ಸಾರಿದಳು. ಆ ನಾಲಿಗೆಯ ಪಸೆ ಮಾತ್ರ ಎಂದೂ ಆರಲಿಲ್ಲ.

ಬತ್ತಿದ್ದು ಕಣ್ಣೊಂದೇ ಅಲ್ಲ. ದಾರದ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡಲು ಹೋದರೆ ಎಂಜಲೇ ಇಲ್ಲ. ದಾರ ಒಣಗಿದ್ದು ಒಣಗಿದಂತೆಯೇ ಹೊರಬರುತ್ತಿತ್ತು. ಅದ್ದಿ ಪೋಣಿಸಲೆಂದು ಯಂತ್ರದ ಪಕ್ಕ ನೀರಿನ ಬಟ್ಟಲು ಬಂತು. ತುತ್ತು ಗಂಟಲಲ್ಲಿ ಇಳಿಯಲೂ ಗುಟುಕು ನೀರು ಬೇಕಾಯಿತು. ಆಮೇಲೆ ಕಾಲು ಸೋಲತೊಡಗಿತು. ಯಂತ್ರ ತುಳಿಯಲಾಗದೆ ಸುಮ್ಮನೆ ಕುಳಿತರೆ, “ಶುರುವಾಯ್ತು ನಾಟಕ” ಎನ್ನುವಳು ನಾದಿನಿ. ಗಂಡನೆಂಬುವನು ತಂಗಿಯ ಮಾತಿಗೆ ತಾಳ ಹಾಕುವನು.

ಒಂದು ಬೆಳಿಗ್ಗೆ ಕಾಲುಗಳ ಜೊತೆ ಕೈಗಳೂ ಕೈಕೊಟ್ಟವು. ಮಗ್ಗುಲು ಬದಲಿಸಲೂ ಆಗಲಿಲ್ಲ.

“ರೀ, ಆಸ್ಪತ್ರೆಗೆ ಕರ್ಕೊಂಡು ಹೋಗಿ. ಏಳೋಕೇ ಆಗ್ತಿಲ್ಲ.”

“ಹೊಲಿಯೋ ಬಟ್ಟೆ ಬೆಟ್ಟದಷ್ಟು ಬಿದ್ದಿದೆಯಲ್ಲ, ಅದಕ್ಕೇ ಆಗ್ತಿಲ್ಲ. ಇರು ಅಣ್ಣ, ನಾನು ಏಳಿಸ್ತೀನಿ!” ಎಂದ ನಾದಿನಿ, ಬಟ್ಟೆಗೆ ಸಿಕ್ಕಿಸಿಟ್ಟಿದ್ದ ಸೂಜಿ ಕಿತ್ತು ಅವಳ ಅಂಗಾಲಿಗೆ ಚುಚ್ಚಿಯೇಬಿಟ್ಟಳು.

ಅವಳು ಕಿಟಾರನೆ ಕಿರುಚಿದಳು.

“ನೋಡಿದ್ಯಾ? ನೋವು ಗೊತ್ತಾಗುತ್ತೆ. ಕಾಲು ಗುಂಡುಕಲ್ಲಿನ ಹಾಗಿದೆ!”

ಗಂಡ ನೋಡಿದ್ದು ಕಾಲನ್ನು. ಅಷ್ಟು ಕಿರುಚಿದವಳ ಕಾಲು ಒಂದಿಷ್ಟೂ ಕೊಸರಿರಲಿಲ್ಲ. ಅವನು ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಅಂತೂ ಬುದ್ಧಿ ಬಂತು, ಪುಣ್ಯಾತ್ಮನಿಗೆ!

ರಕ್ತದಲ್ಲಿ ಪೊಟ್ಯಾಸಿಯಂ ತಳ ಕಂಡಿತ್ತು.

“ಇನ್ನೂ ತಡ ಮಾಡಿದ್ರೆ ಹೃದಯವೇ ನಿಲ್ಲಬಹುದಿತ್ತು,” ಡಾಕ್ಟರಮ್ಮ ಗದರಿದರು. “ಮೈ ಕಾಯಬೇಕಾದ ರೋಗನಿರೋಧಕ ಶಕ್ತಿನೇ ದಾರಿ ತಪ್ಪಿ ಎಂಜಲು, ಕಣ್ಣೀರಿನ ಗ್ರಂಥಿಗಳನ್ನ ಹಾಳು ಮಾಡಿದೆ. ಈಗ ಕಿಡ್ನಿಗೂ ಕೈಹಾಕಿದೆ. ಒಳಗೆ ಉಳೀಬೇಕಾದ ಪೊಟ್ಯಾಸಿಯಂ ಮೂತ್ರದಲ್ಲಿ ಸೋರಿಹೋಗ್ತಿದೆ, ಅದಕ್ಕೇ ಕೈಕಾಲು ಆಡ್ತಿಲ್ಲ. ಇವರಿಗೆ ಕಣ್ಣೀರು ಬತ್ತಿ ವರ್ಷಗಳೇ ಆಗಿರ್ಬೇಕು. ಮನೇಲಿ ಯಾರೂ ಗಮನಿಸ್ಲಿಲ್ವಾ?”

ಗಮನಿಸದೇ ಏನು! ಊರಿಗೆಲ್ಲ ಸಾರಿದ್ದರಲ್ಲ!

ಡ್ರಿಪ್ ಇಳಿದು ಬೆರಳುಗಳು ಮಿಸುಕತೊಡಗಿದಾಗ ನಾದಿನಿ ಮಂಚ ಹಿಡಿದು ಗೋಳೋ ಎಂದು ಅತ್ತಳು. “ತಪ್ಪಾಯ್ತು ಅತ್ತಿಗೆ, ಕ್ಷಮಿಸಿಬಿಡಿ.”

ಅವಳಿಗೆ ಕ್ಷಮಿಸುವ ಮನಸ್ಸು ಎಳ್ಳಷ್ಟೂ ಇರಲಿಲ್ಲ.

“ಅಳು. ನಿನಗೆ ಬರುತ್ತಲ್ಲ,” ಎಂದಳು. “ಅವತ್ತು ಅತ್ತೆ ಮುಂದೆ ನಾನೂ ಅತ್ತಿದ್ದೆ ಕಣೇ. ನೀರು ಬರ್ಲಿಲ್ಲ, ಅಷ್ಟೆ.”