ಟ್ಯೂನರಿಗೆ ಶ್ರುತಿ ಕಲಿಸಿದ ಮಾಸ್ತರು

ಮಾಸ್ತರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಹಿಂದೆಂದೋ ಪಂಪ್‌ಸೆಟ್ಟಿನ ಮೋಟಾರು ಕಾಲ ಮೇಲೆ ಬಿದ್ದು ಹೋದದ್ದಂತೆ. ಆ ಬೋಳು ಬೆರಳು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಕಡಿಮೆ. ಊಟಕ್ಕೆ ಕೂತಾಗ, ಬಸ್ಸಿಗೆ ಕಾಯುವಾಗ, ಯಾರದೋ ಮನೆಯಲ್ಲಿ ಮದುವೆ ಮಾತುಕತೆ ನಡೆಯುವಾಗಲೂ ಅದು ನೆಲ ತಟ್ಟುತ್ತಲೇ ಇರುತ್ತಿತ್ತು. ಪಾಠದ ಹೊತ್ತಿಗೆ ಅವರೆದುರಿನ ಸ್ಟೂಲಿನ ಮೇಲೆ ಮೆಟ್ರೊನೋಮ್ ಟಿಕ್ ಟಿಕ್ ಎನ್ನುತ್ತಿತ್ತು. ಅದೊಂದು ಸಣ್ಣ ಎಲೆಕ್ಟ್ರಾನಿಕ್ ಪೆಟ್ಟಿಗೆ. ನಿಮಿಷಕ್ಕೆ ಎಂಬತ್ತು ಎಂದು ಹೇಳಿಟ್ಟರೆ ಎಂಬತ್ತೇ ಸಲ ಬಡಿಯುತ್ತದೆ. ತಮಾಷೆಯೆಂದರೆ ಮಾಸ್ತರ ಹೆಬ್ಬೆರಳು ಆ ಪೆಟ್ಟಿಗೆಗಿಂತ ಒಂದೆಳೆ ಹಿಂದೆಯೇ ಬೀಳುತ್ತಿತ್ತು. ಬೇಸ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡ ನಾನು ಪೆಟ್ಟಿಗೆಯನ್ನು ಕೇಳಲೋ, ಬೆರಳನ್ನು ನೋಡಲೋ ತಿಳಿಯದೆ ಎರಡರ ಮಧ್ಯೆ ಎಲ್ಲೋ ತಂತಿ ಮೀಟುತ್ತಿದ್ದೆ.

ಒಮ್ಮೆ ಕೇಳಿಯೇ ಬಿಟ್ಟೆ. "ಮಾಸ್ತರೇ, ಆನು ಯಾವ್ದನ್ನ ಹಿಡಿಯವು?"

"ಎರಡನ್ನೂ ಕೇಳು ತಂಗಿ," ಎಂದರು.

"ಎರಡೂ ಬೇರೆ ಬೇರೆ ಇದ್ದಲ?"

"ಅದಕ್ಕೇ ಕೇಳು ಹೇಳಿದ್ದು."

ಅವರ ಉತ್ತರಗಳೆಲ್ಲ ಹೀಗೇ. ಕೇಳುವ ಮೊದಲು ಒಂದು ಗೊಂದಲವಿದ್ದರೆ ಕೇಳಿದ ಮೇಲೆ ಎರಡಾಗುತ್ತಿದ್ದವು. ಹಗಲು ಶಿರಸಿಯಲ್ಲಿ ಅವರದು ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟುಹೋದ ಮೋಟಾರಿನ ತಂತಿ ಬಿಚ್ಚಿ ಹೊಸ ತಂತಿ ಸುತ್ತುವ ಕೆಲಸ. ಪ್ರಾಯದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸಿದವರು. ವಯಸ್ಸಾದ ಮೇಲೆ ಅಂಗಡಿಯ ಮೇಲಿನ ಕೋಣೆಯಲ್ಲಿ ಸಂಜೆ ಪಾಠ ಹೇಳುತ್ತಿದ್ದರು. ಕೋಣೆಯ ಮೂಲೆಯಲ್ಲಿ ಅವರ ತಂದೆಯ ಕಾಲದ ಒಂದು ಹಾರ್ಮೋನಿಯಂ. ಗಿಟಾರ್ ಪಾಠಕ್ಕೆ ಹಾರ್ಮೋನಿಯಂ ಏಕೆ ಎಂದು ನಾನು ಕೇಳಲಿಲ್ಲ, ಇನ್ನೆರಡು ಗೊಂದಲ ಯಾಕೆ ಎಂದುಕೊಂಡು.

ನಾನು ಸೇರಿದಾಗ ನನಗೆ ಮೂವತ್ತೊಂದು ವರ್ಷ. ದಿನಾ ಹುಲೇಕಲ್ಲಿನ ಮನೆಯಿಂದ ಬಸ್ಸಿನಲ್ಲಿ ಶಿರಸಿಗೆ ಬಂದು ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಿದ್ದೆ, ಈಗಲೂ ಮಾಡುತ್ತೇನೆ. ಸಂಗೀತಕ್ಕೂ ನನಗೂ ಎಣ್ಣೆ ಸೀಗೆಕಾಯಿ ಎಂದು ಚಿಕ್ಕಂದಿನಲ್ಲೇ ತೀರ್ಮಾನವಾಗಿತ್ತು. ಐದನೇ ಕ್ಲಾಸಿನಲ್ಲಿ ಪ್ರಾರ್ಥನೆ ಹೇಳುವ ಗುಂಪಿನಿಂದ, ಪಾಠ ಹೇಳುತ್ತಿದ್ದ ಅಕ್ಕೋರು ನನ್ನನ್ನು ಕೈಹಿಡಿದು ಹೊರಗೆ ತಂದು, "ನಿಂಗೆ ಕಿವಿಯೇ ಇಲ್ಲೆ ಕೂಸೇ, ನೀ ಗಂಟೆ ಹೊಡಿ ಸಾಕು," ಎಂದಿದ್ದರು. ಗಂಟೆ ಹೊಡೆಯುವುದು ಮರ್ಯಾದೆಯ ಕೆಲಸವೇ. ಆದರೂ ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಮದುವೆ ಮನೆಯಲ್ಲಿ ಎಲ್ಲರೂ ಹಾಡು ಹೇಳುವಾಗ ನಾನು ಬಾಯಿ ಮಾತ್ರ ಆಡಿಸುತ್ತಿದ್ದೆ.

ಹಾಗಿದ್ದವಳು ಮಾಸ್ತರ ಮೆಟ್ಟಿಲು ಹತ್ತಿದ್ದು ಒಂದು ಯಂತ್ರದ ದೆಸೆಯಿಂದ. ಲ್ಯಾಬಿನ ಗೆಳತಿಯ ಗಿಟಾರಿನ ತಲೆಗೆ ಕ್ಲಿಪ್ಪಿನಂತೆ ಕಚ್ಚಿಕೊಂಡಿದ್ದ ಟ್ಯೂನರ್ ಕಂಡೆ. ತಂತಿ ಮೀಟಿದರೆ ಅದರ ಮುಳ್ಳು ಅತ್ತಿತ್ತ ಓಲಾಡುತ್ತದೆ. ಬಿಗಿ ಕಡಿಮೆಯಿದ್ದರೆ ಎಡಕ್ಕೆ, ಹೆಚ್ಚಿದ್ದರೆ ಬಲಕ್ಕೆ, ಸರಿಯಾದರೆ ನಡುವೆ ನಿಂತು ಹಸಿರು ದೀಪ ಹತ್ತುತ್ತದೆ. ನನಗೆ ಎಷ್ಟು ಖುಷಿಯಾಯಿತೆಂದರೆ! ಕಿವಿ ಇಲ್ಲದವರಿಗೂ ಇಲ್ಲಿ ದಾರಿಯಿದೆ, ಕಣ್ಣಿದ್ದರೆ ಸಾಕು. ಯಂತ್ರ ತೋರಿಸಿದ್ದನ್ನು ನಂಬಿ ಬರೆದುಕೊಡುವುದು ನನಗೆ ಹೇಗೂ ಅನ್ನ ಕೊಡುವ ಕೆಲಸ.

ಗಿಟಾರ್ ಕಲಿಯುತ್ತೇನೆಂದು ಹೋದವಳಿಗೆ ಮಾಸ್ತರು ಬೇಸ್ ಕೊಟ್ಟರು. "ಎಲ್ಲರೂ ಗಿಟಾರೇ ಹಿಡಿದ್ರೆ ಕೆಳಗಿನ ಸ್ವರ ಯಾರು ಹಿಡಿಯವು?" ಎಂದರು. ನಾಲ್ಕೇ ತಂತಿ, ದಪ್ಪ ತಂತಿ. ನನಗೇನೂ ಬೇಸರವಾಗಲಿಲ್ಲ, ತಂತಿ ಕಡಿಮೆಯಾದಷ್ಟೂ ತಪ್ಪು ಕಡಿಮೆ ಎಂದುಕೊಂಡೆ.

ಮೊದಲ ದಿನ ನನ್ನ ಹೊಸ ಟ್ಯೂನರನ್ನು ಅವರು ಕೈಗೆ ತೆಗೆದುಕೊಂಡು ಮಾಡಿದ್ದನ್ನು ಹೇಳಬೇಕು. ಅದನ್ನು ಹಾರ್ಮೋನಿಯಂನ ಮುಚ್ಚಳದ ಅಂಚಿಗೆ ಕಚ್ಚಿಸಿದರು. ಎಡಗೈಯಲ್ಲಿ ಗಾಳಿ ಹಾಕುತ್ತ, ಬಲಗೈಯಲ್ಲಿ ಬಿಳಿ ಆರರ ಮನೆಯನ್ನು, ಅಂದರೆ ಆರನೇ ಬಿಳಿ ಕೀಲಿಯನ್ನು, ಒತ್ತಿ ಹಿಡಿದು, "ಆ ಗುಂಡಿ ಒತ್ತು, ಹಸಿರು ಬಪ್ಪಲ್ಲಿವರೆಗೆ ಒತ್ತು," ಎಂದರು. ಒತ್ತಿದೆ. ಒಂದೊಂದು ಸಲ ಒತ್ತಿದಾಗಲೂ ಯಾವುದೋ ಅಂಕಿ ಒಂದೊಂದು ಇಳಿಯಿತು, ಹಸಿರು ಬಂತು. "ಇನ್ನು ಆ ಗುಂಡಿ ಮುಟ್ಟಲಾಗ," ಎಂದರು. ಅವರ ಹತ್ತಿರ ಬಂದ ಹೊಸ ಯಂತ್ರಗಳಿಗೆಲ್ಲ ಈ ದೀಕ್ಷೆ ಆಗಿಯೇ ಆಗುತ್ತಿತ್ತು. ಬಾಕಿ ವಿದ್ಯಾರ್ಥಿಗಳು ಅದನ್ನು ಆಯುಧ ಪೂಜೆಯ ಹಾಗೆ ಸುಮ್ಮನೆ ನೋಡುತ್ತ ನಿಂತಿರುತ್ತಿದ್ದರು.

ಮನೆಯಲ್ಲಿ ನಾನು ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಜೊತೆಗೆ ನುಡಿಸಲು ನೋಡಿದೆ. ಏನೋ ಸರಿಯಿಲ್ಲ. ಹಾಡು ಮೇಲೆ, ನಾನು ಕೆಳಗೆ, ಮಧ್ಯೆ ಹಲ್ಲಿಗೆ ಮರಳು ಸಿಕ್ಕಿದ ಹಾಗೆ ಒಂದು ಕಿರಿಕಿರಿ. ಟ್ಯೂನರ್ ನೋಡಿದರೆ ಹಸಿರು. ನಾಲ್ಕೂ ತಂತಿ ಹಸಿರು. ಹಾಗಾದರೆ ಕೆಟ್ಟಿರುವುದು ನನ್ನ ಕಿವಿ. ಅಕ್ಕೋರು ಹೇಳಿದ್ದು ಸುಳ್ಳಲ್ಲ. ಮಾಸ್ತರಿಗೆ ಹೇಳಿದರೆ, "ಮೊಬೈಲ್ ಸಂಗ್ತಿಗೆ ನುಡಿಸಲಾಗ, ಮೆಟ್ರೊನೋಮ್ ಸಂಗ್ತಿಗೆ ಕೂತ್ಗ," ಎಂದು ಮಾತು ಮುಗಿಸಿದರು. ಮೂರು ವರ್ಷ ಹಾಗೇ ಕಳೆಯಿತು. ತರಗತಿಯಲ್ಲಿ ಎಲ್ಲರ ಜೊತೆ ನುಡಿಸಿದರೆ ಸರಿ ಬರುತ್ತಿತ್ತು, ಮನೆಯಲ್ಲಿ ತಪ್ಪುತ್ತಿತ್ತು. ನನಗೆ ಶಿರಸಿಯಲ್ಲಿ ಕಿವಿಯಿದೆ, ಹುಲೇಕಲ್ಲಿನಲ್ಲಿ ಇಲ್ಲವೇ ಎಂದು ನಾನೇ ನಗುತ್ತಿದ್ದೆ. ಒಳಗೊಳಗೇ ಅಳುವೂ ಬರುತ್ತಿತ್ತು.

ಆಮೇಲೆ ಯಲ್ಲಾಪುರದ ಒಂದು ಆರತಕ್ಷತೆ. ಮಾಸ್ತರ ಶಿಷ್ಯರೇ ಸೇರಿ ಒಂದು ಆರ್ಕೆಸ್ಟ್ರಾ ಕಟ್ಟಿದ್ದೆವು. ಎರಡು ಗಿಟಾರ್, ಒಂದು ಬೇಸ್, ತಬಲಾ, ಹಾಡುವವರು. ನನಗೆ ಅದು ಮೊದಲ ವೇದಿಕೆ. ಹುಡುಗಿಯ ಮನೆಯವರು ಕೀಬೋರ್ಡ್ ಬೇಕೇ ಬೇಕೆಂದು ಹುಬ್ಬಳ್ಳಿಯಿಂದ ಒಬ್ಬರನ್ನು ಕರೆಸಿದ್ದರು. ಅವರ ಬಸ್ಸು ತಡವಾಗಿ, ಬಂದವರೇ ವೇದಿಕೆ ಹತ್ತಿದರು. ಒಟ್ಟಿಗೆ ನುಡಿಸಿ ನೋಡಲು ಹೊತ್ತಿರಲಿಲ್ಲ.

ಮೊದಲ ಹಾಡು ಶುರುವಾದ ನಾಲ್ಕನೇ ಪೆಟ್ಟಿಗೇ ನನಗೆ ಗೊತ್ತಾಯಿತು. ಮನೆಯಲ್ಲಿ ಆಗುತ್ತಿದ್ದ ಅದೇ ಕಿರಿಕಿರಿ, ಈಗ ದೊಡ್ಡ ಸ್ಪೀಕರಿನಲ್ಲಿ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಹಾಗೆ. ಬಗ್ಗಿ ಟ್ಯೂನರ್ ನೋಡಿದೆ. ಹಸಿರು. ನನ್ನ ಕಿವಿಯ ರೋಗ ಮದುವೆ ಮನೆಗೂ ಬಂತಲ್ಲ ಎಂದುಕೊಂಡೆ. ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗಿನಿಂದ ಕಿವಿ ಮುಚ್ಚಿಕೊಂಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ನಾನು ತಂತಿಯ ಮೇಲೆ ಬೆರಳಾಡಿಸುತ್ತ, ಸದ್ದು ಬಾರದ ಹಾಗೆ ಹಾಡು ಮುಗಿಸಿದೆ. ಚಿಕ್ಕಂದಿನಲ್ಲಿ ಬಾಯಿ ಆಡಿಸುತ್ತಿದ್ದ ಹಾಗೆಯೇ.

ಹಾಡು ಮುಗಿದದ್ದೇ ಕೀಬೋರ್ಡಿನವರು ತಿರುಗಿದರು. "ಅಕ್ಕಾರ, ನಿಮ್ದ ಸ್ವಲ್ಪ ಇಳದೈತ್ರಿ. ಗಿಟಾರ್ನವರದೂ ಇಳದೈತಿ."

"ಹಸಿರೇ ಬರ್ತಾ ಇದೆ ನೋಡಿ," ಎಂದೆ.

ಅವರು ತಮ್ಮ ಟ್ಯೂನರ್ ತಂದು ನನ್ನದರ ಪಕ್ಕದಲ್ಲೇ ಕಚ್ಚಿಸಿದರು. ಒಂದೇ ತಂತಿ ಮೀಟಿದೆ. ನನ್ನದು ಹಸಿರು, ಅವರದು ಕೆಂಪು. ಎರಡು ಯಂತ್ರ ಎರಡು ಮಾತು ಹೇಳುವುದನ್ನು ನೋಡಿ ಇನ್ನೊಮ್ಮೆ ಮೀಟಿದೆ, ಮತ್ತೆ ಅದೇ. ಅವರು ನನ್ನದನ್ನು ಬೆಳಕಿಗೆ ಹಿಡಿದು ಓದಿದರು. "ಇದರಾಗ ನಾಲ್ಕನೂರಾ ಮೂವತ್ತೈದಕ್ಕ ಇಟ್ಟೀರಲ್ರಿ. ಲೋಕಕ್ಕೆಲ್ಲಾ ನಾಲ್ಕನೂರಾ ನಲವತ್ತ ಐತಿ." ಆ ಅಂಕಿಯೇ ಯಂತ್ರದ ಅಳತೆಗೋಲಂತೆ. ಅದನ್ನು ಇಳಿಸಿಟ್ಟರೆ ತಂತಿಗಳೆಲ್ಲ ಒಂದೇ ಸಮ ಇಳಿದಿದ್ದರೂ ಹಸಿರೇ ಬರುತ್ತದೆ. ಗಿಟಾರಿನವರ ಎರಡು ಯಂತ್ರಗಳಲ್ಲೂ ಅದೇ ನಾಲ್ಕುನೂರ ಮೂವತ್ತೈದು. ಮಾಸ್ತರ ಹಳೆಯ ಹಾರ್ಮೋನಿಯಂ ಅಷ್ಟು ಇಳಿದಿತ್ತು. ನಾವೆಲ್ಲ ಅದರ ಹಿಂದೆ ಸಾಲಾಗಿ ಇಳಿದಿದ್ದೆವು.

ಮದುಮಕ್ಕಳಿಗೆ ಹಾರ ಹಾಕಿ ಫೋಟೋ ತೆಗೆಯುವಷ್ಟರಲ್ಲಿ ಎಲ್ಲರೂ ತಂತಿ ಏರಿಸಿಕೊಂಡೆವು. ಉಳಿದ ಹಾಡುಗಳು ಚೆನ್ನಾಗಿಯೇ ಆದವು. ನನಗೆ ಮಾತ್ರ ಸಂತೋಷವಾಗಲಿಲ್ಲ. ನನ್ನ ಕಿವಿ ಮೂರು ವರ್ಷ ಸರಿಯಾಗಿಯೇ ಹೇಳಿದೆ, ನಾನು ಮೂರು ವರ್ಷ ಅದನ್ನು ಬೈದಿದ್ದೇನೆ ಎಂದು ಸಂಕಟವಾಯಿತು. ನಾಚಿಕೆಯೂ ಆಯಿತು. ಬೆಳಿಗ್ಗೆ ಲ್ಯಾಬಿಗೆ ಹೋದಕೂಡಲೇ ಉತ್ತರ ಮೊದಲೇ ಗೊತ್ತಿರುವ ಒಂದು ದ್ರವ ಹಾಕಿ, ಯಂತ್ರ ನಿಜ ಹೇಳುತ್ತಿದೆಯೋ ಎಂದು ನೋಡುವುದೇ ನನ್ನ ಮೊದಲ ಕೆಲಸ. ಅಂಥವಳು ಈ ಕ್ಲಿಪ್ಪನ್ನು ಒಂದು ದಿನವೂ ಸಂಶಯಪಡಲಿಲ್ಲ.

ಮರುದಿನ ಬೆಳಿಗ್ಗೆ ನೇರ ಮಾಸ್ತರ ಮನೆಗೆ ಹೋದೆ. ಅವರು ಅವಲಕ್ಕಿ ತಿನ್ನುತ್ತಿದ್ದರು, ಹೆಬ್ಬೆರಳು ತಾಳ ಹಾಕುತ್ತಿತ್ತು. ನಡೆದದ್ದೆಲ್ಲ ಹೇಳಿದೆ. ಬೆರಳು ನಿಂತಿತು.

"ಇಳ್ದಿದ್ದು ಹೇಳಿ ನಿಂಗೆ ಹ್ಯಾಂಗೆ ಗೊತ್ತಾತು?" ಎಂದರು.

"ಕೀಬೋರ್ಡಿನವು ಹೇಳಿದ."

"ಅವು ಹೇಳೂಕಿಂತ ಮೊದ್ಲು?"

"ಕಿವಿಗೆ ಎಂತೋ ಆದಾಂಗೆ ಆತು."

"ಮತ್ತೆ ಕಿವಿ ಬಿಟ್ಟು ಆ ದೀಪ ಎಂತಕ್ಕೆ ನೋಡ್ದೆ?"

ನನಗೆ ಸಿಟ್ಟು ಬಂತು. "ದೀಪ ನೋಡು ಹೇಳಿ ಕಲಿಸಿದ್ದು ನಿಂಗನೇ ಅಲ್ದಾ?"

ಅವರು ತಟ್ಟೆ ಪಕ್ಕಕ್ಕಿಟ್ಟರು. "ಆನು ಬೇಕು ಹೇಳಿಯೇ ಹಾಂಗೆ ಇಟ್ಟಿದ್ದೆ. ನೀ ಯಾವಾಗ ಬಂದು ಸರಿ ಇಲ್ಲೆ ಹೇಳ್ತೆ ಹೇಳಿ ಕಾಯ್ತಿದ್ದೆ. ಮೂರು ವರ್ಷ ಬೇಕಾತು ನಿಂಗೆ. ಕಿವಿ ಇದ್ದು ತಂಗಿ ನಿಂಗೆ, ಧೈರ್ಯ ಇಲ್ಲೆ." ಇಷ್ಟು ಹೇಳಿ ಕೈ ತೊಳೆಯಲು ಎದ್ದುಹೋದರು.

ಕಿವಿ ಇದೆ ಎಂದು ನನಗೆ ಹೇಳಿದ ಮೊದಲ ಮನುಷ್ಯ ಅವರು. ನಾನು ಅಲ್ಲೇ ಕೂತು ಕಣ್ಣೊರೆಸಿಕೊಂಡೆ. ಎಂಥ ಗುರು, ಎಂಥ ತಾಳ್ಮೆ ಎಂದು ಮನಸ್ಸು ತುಂಬಿ ಬಂತು. ಚಪ್ಪಲಿ ಮೆಟ್ಟುವಾಗ ಅವರ ಹೆಂಡತಿ ಬಾಗಿಲಿಗೆ ಬಂದು ದನಿ ತಗ್ಗಿಸಿದರು.

"ಅವು ಹೇಳಿದ್ದು ನಂಬಡ ಕೂಸೇ. ಆ ಗುಂಡಿ ಎಂತಕ್ಕೆ ಹೇಳಿ ಅವಕ್ಕೆ ಗೊತ್ತಾಗಿದ್ದು ಈಗ, ನೀ ಹೇಳಿದ ಮೇಲೆ. ಯಂತ್ರಕ್ಕೇ ಹಾರ್ಮೋನಿಯಂ ಕಲಿಸವು ಹೇಳಿ ತಿಳ್ಕಂಡಿದ್ದ."

ಮೆಟ್ಟಿಲ ಮೇಲೆ ನಿಂತೇ ಇದ್ದೆ. ಇಳಿಯಲೋ, ಮತ್ತೆ ಒಳಗೆ ಹೋಗಿ ಕೇಳಲೋ? ಕೇಳಿದರೆ ಏನು ಸಿಗುತ್ತದೆಂದು ಗೊತ್ತಿತ್ತು. ಇಳಿದೆ.

ಆಮೇಲೆ ಇದನ್ನು ಎಷ್ಟು ಸಲ ತಿರುವಿ ಹಾಕಿದ್ದೇನೋ. ಮೋಟಾರಿಗೆ ಸುತ್ತುವ ತಂತಿಯಲ್ಲಿ ಒಂದು ಸುತ್ತು ಹೆಚ್ಚುಕಡಿಮೆಯಾದರೂ ಬಿಚ್ಚಿ ಮತ್ತೆ ಸುತ್ತುವ ಮನುಷ್ಯ, ಅಂಕಿ ಇಳಿಯುವುದನ್ನು ನೋಡಿರಲಿಲ್ಲವೇ? ನೋಡಿದ್ದರೆ, ಶಿಷ್ಯರು ನಾಲ್ಕು ಜನರೆದುರು ನಗೆಗೀಡಾಗಲಿ ಎಂದು ಬಿಟ್ಟರೇ? ಹೆಂಡತಿ ಹೇಳಿದ್ದೇ ನಿಜವಾದರೆ, ತಪ್ಪು ಸಿಕ್ಕಿಬಿದ್ದ ಅರೆಗಳಿಗೆಯಲ್ಲಿ ಅಷ್ಟು ಚಂದದ ಮಾತು ಅವರಿಗೆ ಹೊಳೆದದ್ದಾದರೂ ಹೇಗೆ? ಗಿಟಾರಿನ ಹುಡುಗರನ್ನು ಕೇಳಿದರೆ ಒಬ್ಬ ಹೀಗೆ ಅಂದ, ಇನ್ನೊಬ್ಬ ಹಾಗೆ ಅಂದ. ಹಾರ್ಮೋನಿಯಂ ಮಾತ್ರ ಅಲ್ಲೇ ಇತ್ತು. ತರಗತಿಯಲ್ಲಿ ನಾಲ್ಕುನೂರ ಮೂವತ್ತೈದು, ಹೊರಗೆ ನಾಲ್ಕುನೂರ ನಲವತ್ತು ಎಂದು ಗುಂಡಿ ಒತ್ತಿ ಒತ್ತಿ ನನಗೆ ಸಾಕಾಯಿತು. ಎಷ್ಟೋ ಸಲ ಮರೆತು ಉಲ್ಟಾ ಇಟ್ಟುಕೊಂಡು ಹೋಗಿದ್ದೂ ಇದೆ. ಆದರೆ ಪ್ರತಿಸಲವೂ ಮೊದಲು ಕಿವಿಗೇ ಗೊತ್ತಾಗುತ್ತಿತ್ತು, ಆಮೇಲೆ ಅಂಕಿ ನೋಡುತ್ತಿದ್ದೆ.

ಕಳೆದ ವರ್ಷ ಮಾಸ್ತರು ಹಾಸಿಗೆ ಹಿಡಿದರು. ಪಾಠ ನಿಂತಿತು, ಕೈ ನಡುಗುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ಹೇಳಿಕಳಿಸಿದರು. ಅವರ ಗಿಟಾರಿಗೆ ಹೊಸ ತಂತಿ ಹಾಕಿಕೊಡಬೇಕಂತೆ. ಮಂಚದ ಪಕ್ಕ ಕೂತು ಆರೂ ತಂತಿ ಹಾಕಿದೆ. ಶ್ರುತಿ ಮಾಡಲು ಚೀಲದಿಂದ ಟ್ಯೂನರ್ ತೆಗೆದರೆ ಅವರು ಕೈ ಚಾಚಿದರು. ಕೊಟ್ಟೆ. ನೋಡುತ್ತಾರೆಂದುಕೊಂಡರೆ ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಕಣ್ಣು ಮುಚ್ಚಿದರು. ಹಾರ್ಮೋನಿಯಂ ಬೇರೆ ಅಂಗಡಿಯ ಮೇಲಿನ ಕೋಣೆಯಲ್ಲೇ ಇತ್ತು.

ಯಾವುದಕ್ಕೆ ಹೊಂದಿಸುವುದು? ಅಳತೆಗೆ ಏನೂ ಇಲ್ಲ. ಮೊದಲ ತಂತಿಯನ್ನು ನನಗೆ ಸರಿಯೆನಿಸುವವರೆಗೆ ಬಿಗಿದೆ. ಅದನ್ನು ಹಿಡಿದು ಎರಡನೆಯದು, ಎರಡನೆಯದರಿಂದ ಮೂರನೆಯದು. ಹೊಸ ತಂತಿ, ಬಿಗಿದ ಹಾಗೆಲ್ಲ ಸಡಿಲಾಗುತ್ತಿತ್ತು. ಅರ್ಧ ಗಂಟೆ ಹಿಡಿಯಿತು, ಬೆವತು ಹೋದೆ. ಕೊನೆಗೆ ಆರೂ ತಂತಿ ಒಟ್ಟಿಗೆ ಮೀಟಿದೆ.

"ಸರಿ ಇದ್ದಾ ಮಾಸ್ತರೇ?"

ಅವರು ಕಣ್ಣು ತೆರೆಯಲಿಲ್ಲ. "ನನ್ನ ಎಂತಕ್ಕೆ ಕೇಳ್ತೆ?"

ಹೊರಟಾಗ ಅವರ ಹೆಂಡತಿ ಬಾಗಿಲವರೆಗೆ ಬಂದರು. "ಅವಕ್ಕೆ ಈಗ ಎರಡು ತಿಂಗಳಾತು, ಕಿವಿ ಸಮ ಕೇಳ್ತಿಲ್ಲೆ. ಯಾರಿಗೂ ಹೇಳಡ ಹೇಳಿದ್ದ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ಈ ಸಲ ನಾನು ಅವರ ಮಾತನ್ನೂ ಪೂರ್ತಿ ನಂಬಲಿಲ್ಲ, ಮಾಸ್ತರ ಮಾತನ್ನೂ ಪೂರ್ತಿ ನಂಬಲಿಲ್ಲ. ಇಬ್ಬರ ಕೈಯನ್ನೂ ಹಿಡಿದುಕೊಳ್ಳಬೇಕೆನಿಸಿತು. ಹತ್ತಿರ ಇದ್ದವರು ಅವರೊಬ್ಬರೇ, ಅವರ ಕೈ ಹಿಡಿದುಕೊಂಡೆ.

ಇಪ್ಪತ್ತು ದಿನಕ್ಕೆ ಮಾಸ್ತರು ತೀರಿಕೊಂಡರು. ನನ್ನ ಕಿವಿಯ ಮೇಲೆ ಅವರಿಗೆ ನಿಜವಾಗಿ ನಂಬಿಕೆಯಿತ್ತೋ, ಮಾತಿಗೆ ಹಾಗೆ ಹೇಳಿದರೋ ನನಗೆ ಇನ್ನೂ ಗೊತ್ತಿಲ್ಲ. ಈಗ ನಾನು ಟ್ಯೂನರ್ ಇಲ್ಲದೆಯೇ ಬೇಸ್ ಶ್ರುತಿ ಮಾಡಿಕೊಂಡು ವೇದಿಕೆ ಹತ್ತುತ್ತೇನೆ. ಸರಿ ಇದೆಯಾ ಎಂದು ಯಾರನ್ನೂ ಕೇಳುವುದಿಲ್ಲ. ಕೇಳಬೇಕೆನಿಸುವುದು ಅವರೊಬ್ಬರನ್ನೇ.